ಆಡದ ತಿಂಗಳುಗಳ ಆಟ

ಬೇಸ್‌ಬಾಲ್ ಅಭಿಮಾನಿಯ ನಿಜವಾದ ಕಾವು ಏರುವುದು ಆಟ ನಿಂತ ಮೇಲೆ. ಅಮೆರಿಕದ ಮೇಜರ್ ಲೀಗಿನಲ್ಲಿ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದೊಂದು ತಂಡವೂ 162 ಪಂದ್ಯ ಆಡುತ್ತದೆ, ಹೆಚ್ಚುಕಡಿಮೆ ದಿನಕ್ಕೊಂದು. ಇವತ್ತು ಸೋತರೆ ನಾಳೆ ಇನ್ನೊಂದು ಇದ್ದೇ ಇದೆ. ಯಾವ ಸೋಲಿಗೂ ಹೆಚ್ಚು ಹೊತ್ತು ಮುಖ ಊದಿಸಿಕೊಂಡಿರಲು ಪುರುಸೊತ್ತಿಲ್ಲ. ಅಕ್ಟೋಬರಿನಲ್ಲಿ ಉಳಿದ ಕೆಲವು ತಂಡಗಳ ಸರಣಿಗಳು, ಕೊನೆಗೆ ವರ್ಲ್ಡ್ ಸೀರೀಸ್. ಆಮೇಲೆ ಫೆಬ್ರವರಿ ನಡುವಿನ ತನಕ ಮೈದಾನಗಳಿಗೆ ಬೀಗ. ಆಗ ಶುರುವಾಗುತ್ತದೆ ಮಾತು. ಯಾರನ್ನು ಕೊಡಬೇಕು, ಯಾರನ್ನು ತರಬೇಕು, ಮುಂದಿನ ವರ್ಷ ನಮ್ಮದು ಎಷ್ಟು ಗೆಲುವು, ಊರಿನ ಆ ಕಡೆಯವರದು ಎಷ್ಟು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದಷ್ಟೇ ಅಲ್ಲ, ಕುಲಾವಿಯ ಬಣ್ಣಕ್ಕೂ ಜಗಳ. ಹೊರಗಿನವರಿಗೆ ಇದು ಕೆಲಸವಿಲ್ಲದವರ ಹರಟೆಯಾಗಿ ಕಾಣುವುದು ಸಹಜ. ನನಗೆ ಹಾಗೆ ಕಾಣುವುದಿಲ್ಲ. ಆರು ತಿಂಗಳು ಬರೀ ಕೂಗುವ ಅಭಿಮಾನಿ ತರ್ಕ ಮಾಡುವುದು ಈ ನಾಲ್ಕು ತಿಂಗಳಲ್ಲೇ. ಆದರೆ ಅವನು ಯಾವುದರ ಬಗ್ಗೆ ವಾದಿಸುತ್ತಿದ್ದಾನೆ ಎಂಬುದನ್ನು ಸರಿಯಾಗಿ ಗುರುತಿಸಬೇಕು. ಮೇಲ್ನೋಟಕ್ಕೆ ಅದು ‘ಎಷ್ಟು ಗೆಲ್ಲುತ್ತೇವೆ’ ಎಂಬ ಜಗಳ. ಒಳಗೆ ಇಳಿದರೆ ‘ಯಾವಾಗ ಗೆಲ್ಲಬೇಕು’ ಎಂಬ ಜಗಳ. ಮೊದಲನೆಯದಕ್ಕೆ ಕಂಪ್ಯೂಟರು ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಅದರಲ್ಲಿ ಉತ್ತರವಿಲ್ಲ.

ಇದನ್ನು ನೋಡಲು ಶಿಕಾಗೋದಷ್ಟು ಒಳ್ಳೆಯ ಊರು ಇನ್ನೊಂದಿಲ್ಲ. ನ್ಯೂಯಾರ್ಕಿನಲ್ಲೂ ಎರಡು ತಂಡಗಳಿವೆ, ಆದರೆ ಅಲ್ಲಿನ ಮೆಟ್ಸ್ 1962ರಲ್ಲಿ ಹುಟ್ಟಿದ ಕೂಸು. ಶಿಕಾಗೋದ ಕಬ್ಸ್ ಮತ್ತು ವೈಟ್ ಸಾಕ್ಸ್ 1901ರಿಂದಲೂ ಒಂದೇ ಊರಿನ ಅನ್ನ ತಿನ್ನುತ್ತಿವೆ. ಉತ್ತರದಲ್ಲಿ ಕಬ್ಸ್, 1914ರಲ್ಲಿ ಕಟ್ಟಿದ ರಿಗ್ಲಿ ಫೀಲ್ಡು, ಗೋಡೆಗೆ ಹಬ್ಬಿದ ಬಳ್ಳಿ. ದಕ್ಷಿಣದಲ್ಲಿ 35ನೇ ಬೀದಿಯ ವೈಟ್ ಸಾಕ್ಸ್. ನಡುವೆ ಹದಿಮೂರು–ಹದಿನಾಲ್ಕು ಕಿಲೋಮೀಟರು, ಓಡಾಡುವುದು ಒಂದೇ ರೆಡ್ ಲೈನ್ ರೈಲು. ಅಡಿಸನ್‌ನಲ್ಲಿ ಇಳಿದರೆ ಒಂದು ಧರ್ಮ, 35ನೇ ಬೀದಿಯಲ್ಲಿ ಇಳಿದರೆ ಇನ್ನೊಂದು. ಸ್ವಾರಸ್ಯವೇನೆಂದರೆ ಇವೆರಡೂ ಬೇರೆ ಬೇರೆ ಲೀಗಿನ ತಂಡಗಳು. ಕಬ್ಸ್ ನ್ಯಾಷನಲ್ ಲೀಗು, ಸಾಕ್ಸ್ ಅಮೆರಿಕನ್ ಲೀಗು. 1997ರವರೆಗೆ ಎರಡು ಲೀಗಿನ ತಂಡಗಳು ಅಧಿಕೃತವಾಗಿ ಎದುರಾಗುತ್ತಿದ್ದುದು ವರ್ಲ್ಡ್ ಸೀರೀಸಿನಲ್ಲಿ ಮಾತ್ರ, ಮತ್ತು ಈ ಇಬ್ಬರಿಗೆ ಅದು ಒದಗಿದ್ದು ಒಂದೇ ಒಂದು ಸಲ, 1906ರಲ್ಲಿ. ಆ ವರ್ಷ ಕಬ್ಸ್ 152 ಪಂದ್ಯಗಳಲ್ಲಿ 116 ಗೆದ್ದಿತ್ತು. ಸಾಕ್ಸಿನ ಬ್ಯಾಟಿಂಗ್ ಸರಾಸರಿ .230, ಅವರ ಲೀಗಿನಲ್ಲೇ ಎಲ್ಲರಿಗಿಂತ ಕೆಳಗೆ. ಹೊಡೆಯಲು ಬಾರದ ಆ ತಂಡ ಕಬ್ಸನ್ನು ನಾಲ್ಕಕ್ಕೆ ಎರಡರಿಂದ ಸೋಲಿಸಿತು. ಅಂದಿನಿಂದ ಇಂದಿನವರೆಗೆ ಶಿಕಾಗೋದ ದಕ್ಷಿಣ ಭಾಗದವನ ಮುಂದೆ ಅಂಕಿ ಹಿಡಿದರೆ ಅವನು ನಗುವುದಕ್ಕೆ ಒಂದು ವಂಶಪಾರಂಪರ್ಯದ ಕಾರಣವಿದೆ.

ಆದರೂ ಅಂಕಿಯನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. ಈ ಮುನ್ನಂದಾಜುಗಳು ಹೇಗೆ ಹುಟ್ಟುತ್ತವೆ ಎಂದು ಸ್ವಲ್ಪ ಹತ್ತಿರದಿಂದ ನೋಡಿದರೆ ಗೌರವ ಬರುತ್ತದೆ. ಎಲ್ಲಕ್ಕಿಂತ ಸರಳವಾದದ್ದು ಟಾಮ್ ಟ್ಯಾಂಗೋ ಮಾಡಿದ ಮಾರ್ಸೆಲ್ ಪದ್ಧತಿ. ‘ಫ್ರೆಂಡ್ಸ್’ ಧಾರಾವಾಹಿಯ ಕೋತಿಯ ಹೆಸರು ಅದಕ್ಕೆ. ಕೋತಿಗೂ ಬರುವಷ್ಟು ಸುಲಭ ಎಂಬ ಅರ್ಥದಲ್ಲಿ. ಒಬ್ಬ ಬ್ಯಾಟರ್ ಕಳೆದ ವರ್ಷ 40 ಹೋಮ್ ರನ್ ಹೊಡೆದ, ಅದಕ್ಕೆ ಹಿಂದಿನ ವರ್ಷ 25, ಅದಕ್ಕೂ ಹಿಂದೆ 20 ಎಂದಿಟ್ಟುಕೊಳ್ಳಿ. ಮೂರು ವರ್ಷವೂ 600 ಸಲ ಬ್ಯಾಟಿಂಗಿಗೆ ಬಂದಿದ್ದಾನೆ. ಹೊಸ ವರ್ಷಕ್ಕೆ ಐದು ಪಾಲು ತೂಕ, ನಡುವಿನದಕ್ಕೆ ನಾಲ್ಕು, ಹಳೆಯದಕ್ಕೆ ಮೂರು. ಕೂಡಿಸಿ ಹನ್ನೆರಡರಿಂದ ಭಾಗಿಸಿದರೆ 30 ಬರುತ್ತದೆ. ಅಲ್ಲಿಗೇ ನಿಲ್ಲುವುದಿಲ್ಲ. ಲೀಗಿನ ಸಾಮಾನ್ಯ ಬ್ಯಾಟರು 18 ಹೊಡೆಯುವವನಾದರೆ, ಆ ಸಾಮಾನ್ಯನ ಆಟವನ್ನೂ ಒಂದಿಷ್ಟು ಬೆರೆಸಬೇಕು. ಆಗ 30 ಇಳಿದು 28ರ ಹತ್ತಿರ ಬರುತ್ತದೆ. ವಯಸ್ಸು 29 ದಾಟಿದ್ದರೆ ಇನ್ನೂ ಚೂರು ಇಳಿಸಬೇಕು, ಚಿಕ್ಕವನಾದರೆ ಏರಿಸಬೇಕು. ಇಷ್ಟೇ. ಅಭಿಮಾನಿಯ ಕಣ್ಣಲ್ಲಿ ಕುಣಿಯುತ್ತಿರುವುದು 40. ಕೋತಿ ಹೇಳುವುದು 28. ಹೆಚ್ಚಿನ ಸಲ ಗೆಲ್ಲುವುದು ಕೋತಿಯೇ. ಏಕೆಂದರೆ ಆ 40ರಲ್ಲಿ ಗಾಳಿ ಎಷ್ಟು, ಕೈಚಳಕ ಎಷ್ಟು, ಎದುರಿನ ಪಿಚರ್ ಮಾಡಿದ ತಪ್ಪು ಎಷ್ಟು ಎಂದು ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿಕೊಂಡು ನಡುವಿಗೆ ಎಳೆಯುವುದೇ ಈ ವಿದ್ಯೆಯ ಗುಟ್ಟು. ಇದಕ್ಕಿಂತ ಜಟಿಲವಾದ ಪೆಕೋಟಾ, ಜಿಪ್ಸ್, ಸ್ಟೀಮರ್ ಪದ್ಧತಿಗಳೂ ಇದೇ ಮೂಲದ ಮೇಲೆ ಮಹಡಿ ಕಟ್ಟಿಕೊಂಡಿವೆ.

ಪೆಕೋಟಾದ ಕತೆಯಲ್ಲಿ 72 ಎಂಬ ಅಂಕಿ ಎರಡು ಸಲ ಬರುತ್ತದೆ. ಮುಂದೆ ಚುನಾವಣಾ ಭವಿಷ್ಯಕ್ಕೆ ಹೆಸರಾದ ನೇಟ್ ಸಿಲ್ವರ್ ಅದನ್ನು 2003ರಲ್ಲಿ ತಂದ. 2005ರಲ್ಲಿ ವೈಟ್ ಸಾಕ್ಸ್ 88 ವರ್ಷಗಳ ನಂತರ ವರ್ಲ್ಡ್ ಸೀರೀಸ್ ಗೆದ್ದಿತು, 2006ರಲ್ಲಿ 90 ಪಂದ್ಯ ಗೆದ್ದಿತು. 2007ಕ್ಕೆ ಪೆಕೋಟಾ ಹೇಳಿದ್ದು: 72 ಗೆಲುವು, 90 ಸೋಲು. ದಕ್ಷಿಣ ಭಾಗದಲ್ಲಿ ಇದಕ್ಕೆ ಸಿಟ್ಟಾಗದವರಿರಲಿಲ್ಲ. ಸಾಕ್ಸ್ ಆ ವರ್ಷ ಗೆದ್ದದ್ದು 72, ಸೋತದ್ದು 90. ಒಂದಂಕಿಯೂ ಆಚೀಚೆ ಇಲ್ಲ. ಎಂಟು ವರ್ಷದ ಮೇಲೆ, 2015ರಲ್ಲಿ, ಅದೇ ಪೆಕೋಟಾ ಕನ್ಸಾಸ್ ಸಿಟಿಯ ರಾಯಲ್ಸ್ ತಂಡಕ್ಕೂ 72 ಎಂದಿತು. ರಾಯಲ್ಸ್ 95 ಗೆದ್ದು, ವರ್ಲ್ಡ್ ಸೀರೀಸನ್ನೂ ಎತ್ತಿಕೊಂಡು ಹೋಯಿತು. ಈ ಎರಡನ್ನೂ ಪಕ್ಕಪಕ್ಕ ಇಟ್ಟು ‘ನೋಡಿ, ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸರಿಹೋಯಿತು’ ಎನ್ನುವವರಿದ್ದಾರೆ. ಅದು ಅನ್ಯಾಯ. ಸರಿಯಾಗಿ ಅರ್ಧ ಬಲದ ಒಂದು ತಂಡವನ್ನು ತೆಗೆದುಕೊಳ್ಳಿ, ನಾಣ್ಯ ಚಿಮ್ಮಿದ ಹಾಗೆ ಪ್ರತಿ ಪಂದ್ಯವೂ ಸಮಸಮ. ಆ ತಂಡ 162ರಲ್ಲಿ 81 ಗೆಲ್ಲಬೇಕು. ಆದರೆ ಬರೀ ಅದೃಷ್ಟದ ಏರಿಳಿತವೇ ಸುಮಾರು ಆರು ಪಂದ್ಯ ಆಚೀಚೆ ಮಾಡುತ್ತದೆ. ಮೂರು ವರ್ಷದಲ್ಲಿ ಎರಡು ವರ್ಷ 75ರಿಂದ 87ರೊಳಗೆ ಇರುತ್ತದೆ, ಮೂರನೆಯ ವರ್ಷ ಆ ಬೇಲಿಯನ್ನೂ ಹಾರುತ್ತದೆ. ಆಟಗಾರರ ಬಲವನ್ನು ದೇವರೇ ಬಂದು ಅಳೆದು ಕೊಟ್ಟರೂ ಈ ಏರಿಳಿತ ತಪ್ಪದು. ಪೆಕೋಟಾ ಹೇಳುವುದು ಒಂದು ಅಂಕಿಯನ್ನಲ್ಲ, ಅಗಲವಾದ ಒಂದು ಬಯಲಿನ ನಡುವಿನ ಗೂಟವನ್ನು. 2007ರ ಸಾಕ್ಸ್ ಗೂಟದ ಮೇಲೇ ಬಿತ್ತು, 2015ರ ರಾಯಲ್ಸ್ ಬಯಲಿನ ಅಂಚಿಗೆ ಓಡಿತು. ನಡುವಿಗೆ ಎಳೆಯುವ ಸ್ವಭಾವದಿಂದಲೇ ಇನ್ನೊಂದು ಮಿತಿಯೂ ಇದೆ: 2024ರಲ್ಲಿ ಸಾಕ್ಸ್ 41 ಗೆದ್ದು 121 ಸೋತು, 1962ರ ಮೆಟ್ಸಿನ 120 ಸೋಲಿನ ದಾಖಲೆಯನ್ನು ಮುರಿಯಿತು. ತಂಡ ಕೆಟ್ಟದಾಗಿದೆ ಎಂದು ಎಲ್ಲ ಲೆಕ್ಕಗಳೂ ಹೇಳಿದ್ದವು. 41 ಎಂದು ಯಾವುದೂ ಹೇಳಿರಲಿಲ್ಲ.

ಹಾಗಾದರೆ ಇನ್ನು ವಾದಕ್ಕೆ ಜಾಗವೆಲ್ಲಿ ಎಂಬುದು ನ್ಯಾಯವಾದ ಆಕ್ಷೇಪ. ಅಂಕಿ ಸರಾಸರಿಯಲ್ಲಿ ಅಭಿಮಾನಿಗಿಂತ ಮೇಲು. ಏರಿಳಿತವೋ ಯಾರ ಕೈಯಲ್ಲೂ ಇಲ್ಲ. ಮತ್ತೆ ನಾಲ್ಕು ತಿಂಗಳು ಗಂಟಲು ಹರಿದುಕೊಳ್ಳುವುದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತಲ್ಲವೇ? ಗೆಲುವಿನ ಸಂಖ್ಯೆಯ ಬಗ್ಗೆ ವಾದಿಸುವವರ ಮಟ್ಟಿಗೆ ಈ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ, ಅವರು ಸೋತವರೇ. ಆದರೆ ಟ್ರೇಡಿನ ಮಾತು ಬಂದೊಡನೆ ಚಿತ್ರ ಬದಲಾಗುತ್ತದೆ. ಮೇಜರ್ ಲೀಗಿಗೆ ಬಂದ ಆಟಗಾರ ಆರು ಸೀಸನ್ ಕ್ಲಬ್ಬಿನ ಹಿಡಿತದಲ್ಲಿರುತ್ತಾನೆ. ಮೊದಲ ಕೆಲವು ವರ್ಷ ಕನಿಷ್ಠ ಸಂಬಳದ ಆಸುಪಾಸು, ಆಮೇಲೆ ಪಂಚಾಯ್ತಿಯಲ್ಲಿ ತೀರ್ಮಾನವಾದ ಸಂಬಳ, ಆರು ತುಂಬಿದ ಮೇಲೆ ಸ್ವತಂತ್ರ. 1975ರ ಡಿಸೆಂಬರಿನಲ್ಲಿ ಪೀಟರ್ ಸೈಟ್ಸ್ ಎಂಬ ಮಧ್ಯಸ್ಥಗಾರ ಇಬ್ಬರು ಪಿಚರುಗಳ ಪರ ತೀರ್ಪು ಕೊಡುವವರೆಗೆ ಆ ಸ್ವಾತಂತ್ರ್ಯವೂ ಇರಲಿಲ್ಲ. ಆಟಗಾರ ಜೀವಮಾನವಿಡೀ ಕ್ಲಬ್ಬಿನ ಸೊತ್ತು. ಈ ಆರು ವರ್ಷದ ನಿಯಮದಿಂದ ಟ್ರೇಡು ಎಂಬುದು ಆಟಗಾರರ ಅದಲುಬದಲಾಗಿ ಉಳಿದಿಲ್ಲ, ಕಾಲದ ಅದಲುಬದಲಾಗಿದೆ. ಗೆಲ್ಲುವ ಹಂತದಲ್ಲಿರುವ ತಂಡ ಇಪ್ಪತ್ತು ವರ್ಷದ ಹುಡುಗನ ಮುಂದಿನ ಆರು ವರ್ಷವನ್ನು ಕೊಟ್ಟು, ಮೂವತ್ತರ ಪಳಗಿದವನ ಆರು ತಿಂಗಳನ್ನು ಕೊಳ್ಳುತ್ತದೆ. ಬಿತ್ತನೆಗೆ ಇಟ್ಟ ಭತ್ತವನ್ನು ಕುಟ್ಟಿ ಅನ್ನ ಮಾಡಿಕೊಂಡ ಹಾಗೆ. ಹಾಗೆ ಮಾಡುವುದು ದಡ್ಡತನವೋ ಅಲ್ಲವೋ ಎಂಬುದು ಹಸಿವು ಎಷ್ಟಿದೆ ಎಂಬುದನ್ನು ಅವಲಂಬಿಸಿದೆ, ಮತ್ತು ಹಸಿವನ್ನು ಅಳೆಯುವ ಕಾಲಂ ಪೆಕೋಟಾದಲ್ಲಿ ಇಲ್ಲ.

2016ರ ಜುಲೈಯಲ್ಲಿ ಕಬ್ಸ್ ಮಾಡಿದ್ದು ಇದೇ. ನ್ಯೂಯಾರ್ಕ್ ಯಾಂಕೀಸಿನಿಂದ ಅರೋಲ್ಡಿಸ್ ಚಾಪ್‌ಮನ್ ಎಂಬ ಬಿರುಸಿನ ಪಿಚರನ್ನು ತಂದರು. ಅವನ ಒಪ್ಪಂದದಲ್ಲಿ ಉಳಿದಿದ್ದುದು ಮೂರು ತಿಂಗಳು. ಕೊಟ್ಟದ್ದು ಗ್ಲೇಬರ್ ಟೋರೆಸ್ ಎಂಬ ಹತ್ತೊಂಬತ್ತರ ಹುಡುಗನನ್ನೂ ಜೊತೆಗೆ ಇನ್ನೂ ಮೂವರನ್ನೂ. ಟೋರೆಸ್ 2018 ಮತ್ತು 2019ರಲ್ಲಿ ಯಾಂಕೀಸಿನ ಪರ ಆಲ್‌ಸ್ಟಾರ್ ಆದ. ಚಾಪ್‌ಮನ್ ಸೀಸನ್ ಮುಗಿದೊಡನೆ ಯಾಂಕೀಸಿಗೇ ವಾಪಸ್ಸು ಹೋದ. ವರ್ಷಗಳನ್ನು ತಕ್ಕಡಿಯಲ್ಲಿಟ್ಟು ತೂಗುವ ಯಾರಾದರೂ ಹೇಳುತ್ತಾರೆ, ಕಬ್ಸ್ ಕೈಸುಟ್ಟುಕೊಂಡಿತು ಎಂದು. ಆದರೆ ಆ ಮೂರು ತಿಂಗಳ ಕೊನೆಗೆ, ನವೆಂಬರ್ 2ರ ರಾತ್ರಿ, ಕ್ಲೀವ್‌ಲ್ಯಾಂಡಿನಲ್ಲಿ ಹತ್ತನೆಯ ಇನ್ನಿಂಗ್ಸಿನಲ್ಲಿ 8–7ರಿಂದ ಗೆದ್ದು ಕಬ್ಸ್ 108 ವರ್ಷಗಳ ಬರ ಮುಗಿಸಿತು. ಆ ಪಂದ್ಯದ ಎಂಟನೆಯ ಇನ್ನಿಂಗ್ಸಿನಲ್ಲಿ ರಜಾಯ್ ಡೇವಿಸನಿಗೆ ಹೋಮ್ ರನ್ ಕೊಟ್ಟು ಸಮ ಮಾಡಿಸಿದವನೂ ಇದೇ ಚಾಪ್‌ಮನ್ನನೇ, ದಣಿದಿದ್ದ. ಟೋರೆಸನನ್ನು ವಾಪಸ್ಸು ಕೊಡುತ್ತೇವೆ, 2016ನ್ನು ಹಿಂದಿರುಗಿಸಿ ಎಂದರೆ ಒಪ್ಪುವ ಕಬ್ಸ್ ಅಭಿಮಾನಿ ಸಿಗುವುದು ಕಷ್ಟ. ಚಾಪ್‌ಮನ್ ಬಂದಾಗ ಬೇರೆ ಕಾರಣಕ್ಕೆ ಮುಖ ತಿರುಗಿಸಿದವರೂ ಇದ್ದರು. ಕೌಟುಂಬಿಕ ಹಿಂಸೆಯ ನಿಯಮದಡಿ ಲೀಗು ಅವನನ್ನು ಆ ವರ್ಷದ ಮೊದಲಿಗೆ 30 ಪಂದ್ಯ ಹೊರಗಿಟ್ಟಿತ್ತು. ಇಂಥವನ ಕೈಯಿಂದ ಕಪ್ಪು ಬೇಕೇ ಎಂಬ ಆ ಪ್ರಶ್ನೆಯೂ ಚಳಿಗಾಲದ ವಾದದ್ದೇ ಭಾಗ. ಅದಕ್ಕೂ ಯಾವ ಪದ್ಧತಿಯಲ್ಲೂ ಗುಣಾಂಕವಿಲ್ಲ.

ಭತ್ತವನ್ನು ಬಿತ್ತುವವರ ಪರ ವಾದವೂ ಅಷ್ಟೇ ಗಟ್ಟಿ, ಅಷ್ಟೇ ಅಭದ್ರ. 2012ರಲ್ಲಿ ಕಬ್ಸ್ 101 ಪಂದ್ಯ ಸೋತಿತ್ತು. ಹಿಂದಿನ ಅಕ್ಟೋಬರಿನಲ್ಲಿ ತಂಡ ಕಟ್ಟುವ ಹೊಣೆ ಹೊತ್ತು ಬಂದಿದ್ದ ಥಿಯೋ ಎಪ್‌ಸ್ಟೀನ್ ಹಳಬರನ್ನು ಮಾರಿ ಹುಡುಗರನ್ನು ಕೂಡಿಹಾಕಿದ, ಅಭಿಮಾನಿಗಳು ಹಲ್ಲು ಕಚ್ಚಿ ಕಾದರು, ನಾಲ್ಕು ವರ್ಷಕ್ಕೆ ಫಲ ಬಂತು. ಇದನ್ನು ಕಣ್ಣೆದುರೇ ಕಂಡ ಸಾಕ್ಸ್ 2016ರ ಡಿಸೆಂಬರಿನಲ್ಲಿ ಅದೇ ದಾರಿ ಹಿಡಿಯಿತು. ಕ್ರಿಸ್ ಸೇಲ್‌ನಂಥ ಪಿಚರನ್ನು ಬಾಸ್ಟನ್ನಿಗೆ ಕೊಟ್ಟು ಯೋನ್ ಮೊಂಕಾಡಾ, ಮೈಕೆಲ್ ಕೊಪೆಕ್ ಮುಂತಾದವರನ್ನು ತಂದಿತು; ಆಡಮ್ ಈಟನ್‌ನನ್ನು ಕೊಟ್ಟು ಲೂಕಸ್ ಜಿಯೊಲಿಟೊನನ್ನು ಪಡೆಯಿತು. ಹುಡುಗರ ಪಟ್ಟಿ ನೋಡಿ ದೇಶವೆಲ್ಲ ಭೇಷ್ ಎಂದಿತು. 2020ರಲ್ಲಿ ಪ್ಲೇಆಫಿಗೆ ಹೋಗಿ ಓಕ್‌ಲ್ಯಾಂಡಿಗೆ ಸೋತರು. 2021ರಲ್ಲಿ 93 ಗೆದ್ದು ಹ್ಯೂಸ್ಟನ್ನಿಗೆ ಸೋತರು. 2022ರಲ್ಲಿ 81–81. 2023ರಲ್ಲಿ 101 ಸೋಲು. ಮುಂದಿನದು ಆಗಲೇ ಹೇಳಿದ 121. ಒಂದೇ ಊರು, ಒಂದೇ ಪಾಠ, ಒಬ್ಬರಿಗೆ ಫಸಲು, ಇನ್ನೊಬ್ಬರಿಗೆ ಹುಲ್ಲು. ತಾಳ್ಮೆಯ ಸಿದ್ಧಾಂತ ಸರಿಯೆಂದೋ ತಪ್ಪೆಂದೋ ಈ ಎರಡು ಉದಾಹರಣೆಯಿಂದ ಸಾಧಿಸಲಾಗದು. ಅದಕ್ಕೇ ವಾದ ನಿಲ್ಲುವುದಿಲ್ಲ, ಮತ್ತು ನಿಲ್ಲದಿರುವುದು ಸರಿಯೇ.

ನಮ್ಮ ಕಡೆ ಈ ಬಗೆಯ ವಾದ ಬೆಳೆಯದಿರುವುದಕ್ಕೂ ಕಾರಣ ಇಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಐಪಿಎಲ್ಲಿನಲ್ಲೂ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು. ಆದರೆ ಮೂರ್ನಾಲ್ಕು ವರ್ಷಕ್ಕೊಮ್ಮೆ ದೊಡ್ಡ ಹರಾಜು ಬಂದು, ಉಳಿಸಿಕೊಂಡ ಕೆಲವರನ್ನು ಬಿಟ್ಟು ಮಿಕ್ಕವರನ್ನೆಲ್ಲ ಮತ್ತೆ ಸಂತೆಗೆ ಬಿಡುತ್ತದೆ. ಹಾಗಿರುವಾಗ ಹತ್ತೊಂಬತ್ತರ ಹುಡುಗನ ಮುಂದಿನ ಆರು ವರ್ಷವನ್ನು ಬೆಲೆಕಟ್ಟುವ ಪ್ರಶ್ನೆಯೇ ಏಳುವುದಿಲ್ಲ. ಆರ್‌ಸಿಬಿ ಅಭಿಮಾನಿ ಹದಿನೆಂಟು ವರ್ಷ ‘ಈ ಸಲ ಕಪ್ ನಮ್ದೇ’ ಎಂದು ಕಾದ. ಆ ಘೋಷಣೆಯಲ್ಲಿ ಇರುವುದು ‘ಈ ಸಲ’ ಮಾತ್ರ. ಅವನ ಮುಂದೆ ಇದ್ದ ಕಾಲವೇ ಅಷ್ಟು. ಶಿಕಾಗೋದವನಿಗೆ ‘ಈ ಸಲ ಬೇಡ, ಮೂರು ವರ್ಷ ಬಿಟ್ಟು ಕೊಡಿ, ಆದರೆ ಸರಿಯಾಗಿ ಕೊಡಿ’ ಎನ್ನುವ ಅವಕಾಶವೂ ಇದೆ, ಹಾಗಾಗಿ ಜಗಳಕ್ಕೂ ಅವಕಾಶ.

ಇನ್ನು ಊರೊಳಗಿನ ವೈರದ ವಿಷಯ. ತಣ್ಣಗೆ ಯೋಚಿಸಿದರೆ ಕಬ್ಸ್ ಮತ್ತು ಸಾಕ್ಸ್ ಎಲ್ಲರಿಗಿಂತ ಹೆಚ್ಚಾಗಿ ತಮ್ಮತಮ್ಮಲ್ಲೇ ಟ್ರೇಡು ಮಾಡಿಕೊಳ್ಳಬೇಕು. ಲೀಗು ಬೇರೆ, ಒಬ್ಬರ ಪಟ್ಟಿಯಲ್ಲಿ ಇನ್ನೊಬ್ಬರ ಸ್ಥಾನಕ್ಕೆ ಅಡ್ಡಿಯಿಲ್ಲ. ಪರಸ್ಪರ ಆಡುವುದು ವರ್ಷಕ್ಕೆ ಹೆಚ್ಚೆಂದರೆ ಆರು ಪಂದ್ಯ. ಆಟಗಾರ ಮನೆ ಬದಲಿಸಬೇಕಾಗಿಯೂ ಇಲ್ಲ, ರೈಲಿನ ದಿಕ್ಕು ಬದಲಿಸಿದರೆ ಸಾಕು. ಆದರೂ 2006ರ ನವೆಂಬರಿನಲ್ಲಿ ನೀಲ್ ಕಾಟ್ಸ್ ಮತ್ತು ಡೇವಿಡ್ ಆರ್ಡ್ಸ್‌ಮಾ ಎಂಬ ಇಬ್ಬರು ಪಿಚರುಗಳನ್ನು ಬದಲಿಸಿಕೊಂಡ ಮೇಲೆ ಹತ್ತು ವರ್ಷಕ್ಕೂ ಮೇಲೆ ಎರಡು ಕ್ಲಬ್ಬುಗಳ ನಡುವೆ ವ್ಯವಹಾರವೇ ನಡೆಯಲಿಲ್ಲ. ಕೋಟಿಗಟ್ಟಲೆ ಡಾಲರಿನ ವ್ಯಾಪಾರಿಗಳು ಹೆದರಿದ್ದು ಯಾವುದಕ್ಕೆ? ಸೋಲಿಗಲ್ಲ; ತಾವು ಕೊಟ್ಟ ಹುಡುಗ ಅದೇ ಊರಿನಲ್ಲಿ, ಅದೇ ಪತ್ರಿಕೆಗಳಲ್ಲಿ, ದಿನಾ ಬೆಳಗಾದರೆ ಮಿಂಚುವುದನ್ನು ನೋಡಬೇಕಲ್ಲ ಎಂಬುದಕ್ಕೆ. ಅಭಿಮಾನಿಯ ಭಾವನೆಯನ್ನು ಲೆಕ್ಕಕ್ಕಿಲ್ಲದ ವಸ್ತು ಎನ್ನುವವರು ಈ ಹತ್ತು ವರ್ಷದ ಮೌನವನ್ನು ಯಾವ ಖಾತೆಗೆ ಹಾಕುತ್ತಾರೋ ತಿಳಿಯದು.

ಹೆದರಿಕೆಗೆ ಆಧಾರವೂ ಇತ್ತು. 1992ರ ಮಾರ್ಚ್ 30ರಂದು ಸಾಕ್ಸ್ ತನ್ನಲ್ಲಿದ್ದ ಸ್ಯಾಮಿ ಸೋಸಾನನ್ನು, ಜೊತೆಗೆ ಒಬ್ಬ ಪಿಚರನ್ನು ಕೊಟ್ಟು ಕಬ್ಸಿನಿಂದ ಜಾರ್ಜ್ ಬೆಲ್‌ನನ್ನು ಪಡೆಯಿತು. ಬೆಲ್ 1987ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನೆಂಬ ಬಿರುದು ಪಡೆದವನು. ಸೋಸಾ ಎಲ್ಲ ಚೆಂಡಿಗೂ ಬೀಸುವ ಇಪ್ಪತ್ಮೂರರ ಹುಡುಗ. ಆ ವರ್ಷದ ಕೊನೆಗೆ ಬೆಲ್ 25 ಹೋಮ್ ರನ್ ಹೊಡೆದು 112 ರನ್ ತಂದಿದ್ದ. ಗಾಯಗೊಂಡ ಸೋಸಾ ಹೊಡೆದದ್ದು 8. ಅಂದರೆ 1992ರ ಚಳಿಗಾಲದಲ್ಲಿ ಸಾಕ್ಸ್ ಅಭಿಮಾನಿ ಎದೆಯುಬ್ಬಿಸಿ ‘ನೋಡಿದಿರಾ’ ಎಂದಿದ್ದರೆ ಅವನ ಕೈಯಲ್ಲಿ ಸಾಕ್ಷಿಯಿತ್ತು. ಬೆಲ್ 1993ಕ್ಕೆ ಆಟ ಮುಗಿಸಿದ. 1998ರಲ್ಲಿ ಸೋಸಾ 66 ಹೊಡೆದ. ಕಬ್ಸಿಗಾಗಿ ಒಟ್ಟು 545. ಅಲ್ಲಿಗೂ ಕಡತ ಮುಚ್ಚಲಿಲ್ಲ: ಆ ಕಾಲದ ಹೋಮ್ ರನ್ನುಗಳ ಮೇಲೆಲ್ಲ ಮದ್ದಿನ ಅನುಮಾನ ಕವಿದು, ಹಾಲ್ ಆಫ್ ಫೇಮ್ ಮತದಾರರು ಹತ್ತು ವರ್ಷವೂ ಸೋಸಾನನ್ನು ಒಳಗೆ ಬಿಡಲಿಲ್ಲ. ಒಂದೇ ಟ್ರೇಡು, 1992ರಲ್ಲಿ ಒಂದು ತೀರ್ಪು, 1998ರಲ್ಲಿ ಅದಕ್ಕೆ ತದ್ವಿರುದ್ಧ, ಈಗ ಮೂರನೆಯದು. ಅದೇ 1998ರ ಜುಲೈಯಲ್ಲಿ ಕಬ್ಸ್ ಪ್ಲೇಆಫಿನ ಆತುರದಲ್ಲಿ ಮ್ಯಾಟ್ ಕಾರ್ಚ್ನರ್ ಎಂಬ ಸಾಮಾನ್ಯ ಪಿಚರಿಗಾಗಿ ಜಾನ್ ಗಾರ್ಲಂಡ್ ಎಂಬ ಹುಡುಗನನ್ನು ಸಾಕ್ಸಿಗೆ ಕೊಟ್ಟಿತು. ಗಾರ್ಲಂಡ್ 2005ರಲ್ಲಿ 18 ಪಂದ್ಯ ಗೆದ್ದು ಸಾಕ್ಸಿನ ಕಪ್ಪಿಗೆ ಹೆಗಲು ಕೊಟ್ಟ.

2017ರ ಜುಲೈಯಲ್ಲಿ ಮೌನ ಮುರಿಯಿತು. 43 ಗೆಲುವು, 45 ಸೋಲಿನಲ್ಲಿ ಒದ್ದಾಡುತ್ತಿದ್ದ ಚಾಂಪಿಯನ್ ಕಬ್ಸ್, ಸಾಕ್ಸಿನಿಂದ ಹೊಸೆ ಕಿಂಟಾನಾನನ್ನು ಕೊಂಡಿತು. ತೆತ್ತದ್ದು ಎಲಾಯ್ ಹಿಮೆನೆಸ್, ಡಿಲನ್ ಸೀಸ್ ಮತ್ತು ಇನ್ನಿಬ್ಬರನ್ನು. ಕಿಂಟಾನಾ ಬಂದು 7 ಗೆದ್ದು 3 ಸೋತ, ತಂಡ 92ಕ್ಕೆ ಏರಿ ವಿಭಾಗ ಗೆದ್ದಿತು, ಆಮೇಲೆ ಡಾಡ್ಜರ್ಸಿಗೆ ಶರಣಾಯಿತು. ಹಿಮೆನೆಸ್ 2019ರಲ್ಲಿ ಮೊದಲ ವರ್ಷವೇ 31 ಹೋಮ್ ರನ್ ಹೊಡೆದು, ನಂತರ ಗಾಯಗಳ ಕೈಗೆ ಸಿಕ್ಕ. ಸೀಸ್ 2022ರಲ್ಲಿ ಲೀಗಿನ ಅತ್ಯುತ್ತಮ ಪಿಚರ್ ಪ್ರಶಸ್ತಿಗೆ ಎರಡನೆಯ ಸ್ಥಾನ ಪಡೆದ. ಸಾಮಾನ್ಯವಾಗಿ ಇದನ್ನು ಸಾಕ್ಸಿನ ಗೆಲುವೆಂದು ಬರೆಯುತ್ತಾರೆ. ನಾನು ಅಷ್ಟು ಸಲೀಸಾಗಿ ಒಪ್ಪಲಾರೆ. ಕಬ್ಸಿಗೆ ಬೇಕಾಗಿದ್ದುದು ಆ ಬೇಸಿಗೆ. ಅದನ್ನು ಕಿಂಟಾನಾ ಸ್ವಲ್ಪಮಟ್ಟಿಗಾದರೂ ಕೊಟ್ಟ. ಸಾಕ್ಸಿಗೆ ಬೇಕಾಗಿದ್ದುದು ಒಂದು ಕಪ್ಪು. ಹುಡುಗರು ಬೆಳೆದರು, ಕಪ್ಪು ಬರಲಿಲ್ಲ. ಆಟಗಾರರನ್ನು ತೂಗಿದರೆ ಸಾಕ್ಸ್ ಗೆದ್ದಿತು, ಆಸೆಯನ್ನು ತೂಗಿದರೆ ಕಬ್ಸ್. 2021ರಲ್ಲಿ ಪಾತ್ರ ಅದಲುಬದಲಾಯಿತು. ಆತುರ ಈಗ ಸಾಕ್ಸಿನದು. ಕಬ್ಸಿನಲ್ಲಿ ಒಂಬತ್ತು ಇನ್ನಿಂಗ್ಸಿಗೆ ಅರ್ಧ ರನ್ನನ್ನೂ ಬಿಟ್ಟುಕೊಡದೆ 0.49ರಲ್ಲಿ ಓಡುತ್ತಿದ್ದ ಕ್ರೇಗ್ ಕಿಂಬ್ರೆಲ್‌ನನ್ನು ತಂದರು. ಮೈದಾನದ ವಿಳಾಸ ಬದಲಾದೊಡನೆ ಅವನ ಅಂಕಿ 5.09 ಆಯಿತು. ಬದಲಿಗೆ ಕಬ್ಸಿಗೆ ಹೋದ ಇಬ್ಬರಲ್ಲಿ ಒಬ್ಬನ ಮೊಣಕೈ ಹೋಯಿತು, ಇನ್ನೊಬ್ಬ ಹೇಳಿಕೊಳ್ಳುವಂತೆ ಬೆಳೆಯಲಿಲ್ಲ. ಇಬ್ಬರೂ ಸೋತ ಟ್ರೇಡೂ ಉಂಟು.

ವೈರ ಬುದ್ಧಿಯನ್ನು ಕುರುಡಾಗಿಸುತ್ತದೆ, ವಾದವನ್ನು ಹಾಳುಮಾಡುತ್ತದೆ ಎಂಬ ಆಕ್ಷೇಪವನ್ನು ನಾನು ಅರ್ಧ ಒಪ್ಪುತ್ತೇನೆ. 2025ರ ಮೇ ತಿಂಗಳಲ್ಲಿ ಶಿಕಾಗೋದಲ್ಲಿ ಹುಟ್ಟಿದವರೊಬ್ಬರು ಪೋಪ್ ಆದಾಗ ರಿಗ್ಲಿ ಫೀಲ್ಡಿನ ಕೆಂಪು ಫಲಕ ಅವರು ಕಬ್ಸ್ ಅಭಿಮಾನಿಯೆಂದು ಸಾರಿಯೇಬಿಟ್ಟಿತು. ಅವರ ಅಣ್ಣ ಅದನ್ನು ಅಲ್ಲಗಳೆದು, ತಮ್ಮ ಎಂದೆಂದಿಗೂ ಸಾಕ್ಸಿನವನು ಎಂದರು. 2005ರ ವರ್ಲ್ಡ್ ಸೀರೀಸಿನಲ್ಲಿ ಅವರು ಕುಳಿತಿದ್ದ ದೃಶ್ಯವೂ ಸಿಕ್ಕಿತು. 121 ಸೋಲಿನ ಮರುವರ್ಷ ಆ ಜನಕ್ಕೆ ಅದೊಂದು ಸಮಾಧಾನ. ಇಂಥದ್ದರಲ್ಲಿ ತರ್ಕ ಹುಡುಕುವುದು ವ್ಯರ್ಥ. ಆದರೆ ವೈರ ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಅದನ್ನು ಯಾರೂ ಹೇಳುವುದಿಲ್ಲ: ಅದು ನೆನಪಿಡುತ್ತದೆ. ತನ್ನ ತಂಡದ ದಡ್ಡತನವನ್ನು ಯಾವ ಅಭಿಮಾನಿಯೂ ಬರೆದಿಟ್ಟುಕೊಳ್ಳುವುದಿಲ್ಲ. ಸೋಸಾನ ಕತೆಯನ್ನು ಬದುಕಿಸಿಟ್ಟವರು ಉತ್ತರದವರು, ಗಾರ್ಲಂಡನ ಕತೆಯನ್ನು ದಕ್ಷಿಣದವರು. ಒಬ್ಬರ ಸಾಲದ ಪುಸ್ತಕ ಇನ್ನೊಬ್ಬರ ಮನೆಯಲ್ಲಿದೆ. ‘ಮೂರು ವರ್ಷ ತಾಳಿ’ ಎಂದು ಡಿಸೆಂಬರಿನಲ್ಲಿ ಹೇಳಿದವನನ್ನು ಮೂರನೆಯ ಡಿಸೆಂಬರಿನಲ್ಲಿ ಹಿಡಿದು ನಿಲ್ಲಿಸಲು ಎದುರಾಳಿ ಬೇಕೇಬೇಕು, ಸ್ವಪಕ್ಷದವರು ಹಿಡಿಯುವುದಿಲ್ಲ.

ಒಂದು ಮಾತು ಮಾತ್ರ ನನ್ನ ವಾದಕ್ಕೆ ಇರುಸುಮುರುಸು ತರುವಂಥದ್ದು. ‘ಈಗಲೋ, ಆಮೇಲೋ’ ಎಂಬ ಆಯ್ಕೆ ನಿಜವಾಗಿ ಅಭಿಮಾನಿಯದಲ್ಲ, ಮಾಲೀಕನದು. ಮತ್ತು ‘ಆಮೇಲೆ’ ಎಂಬುದು ಮಾಲೀಕನಿಗೆ ಅಗ್ಗ. ಹುಡುಗರ ಸಂಬಳ ಕಡಿಮೆ. ಕಬ್ಸ್ 2015ರ ಡಿಸೆಂಬರಿನಲ್ಲಿ ಜೇಸನ್ ಹೇವರ್ಡ್‌ಗೆ 18.4 ಕೋಟಿ ಡಾಲರಿನ ಒಪ್ಪಂದ ಕೊಟ್ಟಿತು. ಸಾಕ್ಸಿನ ಚರಿತ್ರೆಯಲ್ಲೇ ದೊಡ್ಡದೆನಿಸಿದ ಒಪ್ಪಂದ ಆಂಡ್ರೂ ಬೆನಿಂಟೆಂಡಿಯದು, 7.5 ಕೋಟಿ, ಅದೂ 2023ರಲ್ಲಿ. ಹೇವರ್ಡ್ ಆ ಹಣಕ್ಕೆ ತಕ್ಕಂತೆ ಬ್ಯಾಟು ಬೀಸಲಿಲ್ಲ ಎನ್ನುವುದು ಬೇರೆ ಮಾತು. ಖರ್ಚು ಮಾಡಿದ್ದರೆ ‘ಈಗ’ ಮತ್ತು ‘ಆಮೇಲೆ’ ಎರಡನ್ನೂ ಕೊಳ್ಳಬಹುದಾದ ಊರಿನಲ್ಲಿ, ಅಭಿಮಾನಿ ಮಾಲೀಕನ ಜಿಪುಣತನವನ್ನೇ ತನ್ನ ತತ್ವವೆಂದು ಹೊತ್ತು ವಾದಿಸುವ ಅಪಾಯವಿದೆ. ಇದನ್ನು ದಕ್ಷಿಣದವರು ಅರಿಯದವರಲ್ಲ. ಜೆರಿ ರೈನ್ಸ್‌ಡಾರ್ಫ್ 1981ರಿಂದ ಮಾಲೀಕ. 2024ರಲ್ಲಿ ಸೋಲಿನ ಸಂಖ್ಯೆ ಏರುತ್ತ ಹೋದಂತೆ ಸಾಕ್ಸಿನ ಸ್ವಂತ ಮೈದಾನದಲ್ಲೇ ತಂಡವನ್ನು ಮಾರಿಬಿಡಿ ಎಂಬ ಕೂಗು ಎದ್ದಿತ್ತು.

ಆ ವರ್ಷದ ಡಿಸೆಂಬರಿನ ಒಂದೇ ವಾರದಲ್ಲಿ ಎರಡು ಕ್ಲಬ್ಬುಗಳೂ ತಮ್ಮ ಗಡಿಯಾರವನ್ನು ಬಹಿರಂಗವಾಗಿ ತೋರಿಸಿದವು. ಸಾಕ್ಸ್ ತನ್ನ ಒಬ್ಬನೇ ಒಬ್ಬ ಶ್ರೇಷ್ಠ ಪಿಚರ್ ಗ್ಯಾರೆಟ್ ಕ್ರೋಶೆಯನ್ನು ಬಾಸ್ಟನ್ನಿಗೆ ಕೊಟ್ಟು ಕೈಲ್ ಟೀಲ್ ಸೇರಿದಂತೆ ನಾಲ್ವರು ಹುಡುಗರನ್ನು ತಂದಿತು. ಎರಡು ದಿನ ಬಿಟ್ಟು ಕಬ್ಸ್ ಹ್ಯೂಸ್ಟನ್ನಿನಿಂದ ಕೈಲ್ ಟಕರ್‌ನನ್ನು ಕೊಂಡಿತು; ಒಪ್ಪಂದದಲ್ಲಿ ಉಳಿದಿದ್ದುದು ಒಂದೇ ವರ್ಷ, ಕೊಟ್ಟವರಲ್ಲಿ ಕ್ಯಾಮ್ ಸ್ಮಿತ್ ಎಂಬ ಹುಡುಗನೂ ಇದ್ದ. 2025ರಲ್ಲಿ ಕ್ರೋಶೆ 255 ಮಂದಿಯನ್ನು ಸ್ಟ್ರೈಕ್‌ಔಟ್ ಮಾಡಿದ. ಸಾಕ್ಸ್ 60 ಗೆದ್ದಿತು, ಟೀಲ್ ಕೈಗವಸು ತೊಟ್ಟು ತಂಡಕ್ಕೆ ಬಂದ. ಕಬ್ಸ್ 92 ಗೆದ್ದು, ಸ್ಯಾನ್ ಡಿಯಾಗೋವನ್ನು ದಾಟಿ, ಮಿಲ್ವಾಕಿಗೆ ಐದನೆಯ ಪಂದ್ಯದಲ್ಲಿ ಸೋತಿತು. ಟಕರ್ ಬೇಸಿಗೆಯ ಒಂದು ಪಾಲು ಕೈಮೂಳೆಯ ಬಿರುಕು ಇಟ್ಟುಕೊಂಡೇ ಆಡಿ, ಸೀಸನ್ ಮುಗಿದೊಡನೆ ಸ್ವತಂತ್ರನಾದ. ಸ್ಮಿತ್ ಹ್ಯೂಸ್ಟನ್ನಿನ ಹಿಡಿತದಲ್ಲಿ 2030ರ ತನಕ ಇರುತ್ತಾನೆ. ಒಂದು ಬೇಸಿಗೆಗೆ ಅಷ್ಟು ತೆತ್ತದ್ದು ಸರಿಯೇ ಎಂದು ಕಬ್ಸಿನವನನ್ನು ಅಲ್ಲಿಯವರೆಗೆ ಪ್ರತಿ ಡಿಸೆಂಬರಿನಲ್ಲೂ ಕೇಳಲಾಗುತ್ತದೆ, ಕೇಳುವವನು ಸಾಕ್ಸ್ ಟೋಪಿ ಹಾಕಿರುತ್ತಾನೆ. ಮತ್ತು ಬಾಸ್ಟನ್ನಿನಲ್ಲಿ ಕ್ರೋಶೆ ಈ ವಾರ ಎಷ್ಟು ಮಂದಿಯನ್ನು ಔಟ್ ಮಾಡಿದ ಎಂದು ಅವನಿಗೂ ಮರುಪ್ರಶ್ನೆ ಬೀಳುತ್ತದೆ.